ಎಲೆಯ ಲೆಕ್ಕಕ್ಕೆ ಪಾತ್ರ ಹಂಚಬೇಡಿ

ಈ ವರ್ಷ ನಮ್ಮ ಕನ್ನಡ ಬಳಗ ಒಂದು ಹೊಸ ಸಾಹಸಕ್ಕೆ ಕೈಹಾಕಿದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ತಿಂಗಳಿಗೊಂದರಂತೆ ಮೂರು ಹಾಡಿನ ನಾಟಕಗಳು: ಕಾರ್ನಾಡರ ‘ಹಯವದನ’, ಕಂಬಾರರ ‘ಜೋಕುಮಾರಸ್ವಾಮಿ’, ಶ್ರೀರಂಗರ ‘ಸತ್ತವರ ನೆರಳು’. ಮೂರಕ್ಕೂ ಊಟ ಸೇರಿದ ಟಿಕೇಟು. ಏಳು ಗಂಟೆಗೆ ಎಲೆ, ಎಂಟಕ್ಕೆ ನಾಟಕ. ಯೋಜನೆ ಒಳ್ಳೆಯದೇ. ಮುಂಬಯಿಯಲ್ಲಿ ಕಲ್ಯಾಣದಿಂದಲೋ ವಸಾಯಿಯಿಂದಲೋ ಲೋಕಲ್ ಹಿಡಿದು ಬಂದವರು ನಾಟಕ ನೋಡಿ, ಹನ್ನೊಂದೂವರೆಗೆ ಮನೆ ಸೇರಿ, ಆಮೇಲೆ ಒಲೆ ಹಚ್ಚಿ ಉಣ್ಣಬೇಕು ಅಂದರೆ ಯಾರು ಬರ್ತಾರೆ? ಊಟ ಹಾಕಿದರೆ ಬರ್ತಾರೆ. ಇದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರುವುದು ಪಾತ್ರ ಹಂಚಿಕೆಯ ಬಗ್ಗೆ. ಹೋದ ತಿಂಗಳ ಸಭೆಯಲ್ಲಿ ಮೂರು ಮಾತು ಬಂದವು. ಒಂದು: ಹಾಡಿನ ನಾಟಕವಾದ್ದರಿಂದ ಚೆನ್ನಾಗಿ ಹಾಡುವವರಿಗೇ ಮುಖ್ಯ ಪಾತ್ರ ಕೊಡಬೇಕು. ಎರಡು: ಕನ್ನಡ ‘ಶುದ್ಧ’ವಾಗಿಲ್ಲದವರು ಗುಂಪಿನಲ್ಲಿ ನಿಲ್ಲಲಿ, ಬಿಡುವಿದ್ದಾಗ ಬಡಿಸಲಿಕ್ಕೂ ಆದೀತು. ಮೂರು: ಕೇಟರಿಂಗ್‌ನವರು ನೂರು ಎಲೆಗಿಂತ ಕಡಿಮೆಗೆ ಒಪ್ಪುವುದಿಲ್ಲ, ಆದ್ದರಿಂದ ಇಪ್ಪತ್ತು ಟಿಕೇಟು ಮಾರುವವರಿಗೆ ಪಾತ್ರದಲ್ಲಿ ಸ್ವಲ್ಪ ಆದ್ಯತೆ ಇರಲಿ. ಮೂರನೆಯದನ್ನು ತಮಾಷೆಗೆ ಹೇಳಿದ್ದು ಅಂತ ಆಮೇಲೆ ಅಂದರು. ಆದರೆ ಯಾರೂ ನಗಲಿಲ್ಲ; ಕೆಲವರು ಮನಸ್ಸಿನಲ್ಲೇ ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಎಣಿಸತೊಡಗಿದ್ದು ಮುಖದಲ್ಲೇ ಕಾಣುತ್ತಿತ್ತು.

ಈ ಮೂರು ಮಾತೂ ತಪ್ಪು ಎಂದು ನಾನು ನಂಬುತ್ತೇನೆ. ನಾವು ಒಂದೊಂದು ನಾಟಕಕ್ಕೆ ಪಾತ್ರಧಾರಿಗಳನ್ನು ಹುಡುಕುತ್ತಿದ್ದೇವೆ. ಹುಡುಕಬೇಕಾದ್ದು ಇಡೀ ಹಂಗಾಮಿಗೆ ಒಂದು ಮೇಳವನ್ನು. ಹಾಗೆ ಹುಡುಕಿದರೆ ಹಾಡೋ ಅಭಿನಯವೋ ಎಂಬ ಜಗಳ, ಉಚ್ಚಾರದ ಜಗಳ, ಟಿಕೇಟಿನ ಜಗಳ ಎಲ್ಲವೂ ಬಹಳಮಟ್ಟಿಗೆ ತಾವಾಗಿಯೇ ಅಡಗುತ್ತವೆ. ಊಟವನ್ನೂ ಆಟವನ್ನೂ ಕೂಡಿಸಿದವರಲ್ಲಿ ನಾವೇನೂ ಮೊದಲಿಗರಲ್ಲ. ನಮಗಿಂತ ಮುಂಚೆ ಮಾಡಿದವರು ಹೇಗೆ ಮಾಡಿದರು ಎಂದು ನೋಡೋಣ.

ಅಮೆರಿಕದಲ್ಲಿ ಇದಕ್ಕೆ ‘ಡಿನ್ನರ್ ಥಿಯೇಟರ್’ ಎಂದೇ ಹೆಸರು. ವರ್ಜೀನಿಯಾ ರಾಜ್ಯದ ಹ್ಯಾನೋವರ್ ಎಂಬಲ್ಲಿ ಒಂದು ಹಳೆಯ ಛತ್ರದಂಥ ಕಟ್ಟಡದಲ್ಲಿ 1953ರಲ್ಲಿ ಬಾರ್ಕ್ಸ್‌ಡೇಲ್ ಥಿಯೇಟರ್ ಎಂಬ ತಂಡ ನಾಟಕಕ್ಕೆ ಬಂದವರಿಗೆ ಊಟವನ್ನೂ ಹಾಕತೊಡಗಿತು. ಅಲ್ಲಿಯ ಡಿನ್ನರ್ ಥಿಯೇಟರಿನ ಕತೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಆಮೇಲೆ ದೊಡ್ಡ ಪಟ್ಟಣಗಳ ಹೊರವಲಯದಲ್ಲಿ ಇಂಥವು ಬಹಳ ಹುಟ್ಟಿದವು, ಬಹಳ ಮುಚ್ಚಿದವು, ಕೆಲವು ಇನ್ನೂ ಇವೆ. ಇವುಗಳ ಜೀವಾಳ ಹಾಡು–ಕುಣಿತದ ‘ಮ್ಯೂಸಿಕಲ್’ ನಾಟಕಗಳು. ವರ್ಷಕ್ಕೆ ನಾಲ್ಕೋ ಐದೋ ನಾಟಕ ಗೊತ್ತುಮಾಡಿ ಅದನ್ನೇ ‘ಸೀಸನ್’ ಅನ್ನುತ್ತಾರೆ.

ಆಯ್ಕೆಯಲ್ಲಿ ಅಲ್ಲೂ ಎರಡು ದಾರಿಗಳಿವೆ. ಒಂದು ತಾರೆಯ ದಾರಿ. 1979ರಲ್ಲಿ ಸಿನಿಮಾ ನಟ ಬರ್ಟ್ ರೆನಾಲ್ಡ್ಸ್ ಫ್ಲಾರಿಡಾದ ಜುಪಿಟರ್ ಎಂಬ ಊರಿನಲ್ಲಿ ತನ್ನ ಹೆಸರಿನದೇ ಡಿನ್ನರ್ ಥಿಯೇಟರ್ ತೆಗೆದು, ಸಿನಿಮಾ ಟೆಲಿವಿಷನ್ನಿನ ಹೆಸರುವಾಸಿಗಳನ್ನು ಕರೆತಂದ. ಜನ ಹೆಸರು ನೋಡಿ ಬರ್ತಾರೆ, ಬಂದವರು ಉಣ್ತಾರೆ. ಎರಡನೆಯದು ತಂಡದ ದಾರಿ. ಸೀಸನ್ನಿಗೆಲ್ಲ ಸೇರಿ ಒಂದೇ ಸಲ ಆಡಿಷನ್ ಕರೆಯುತ್ತಾರೆ. ಬಂದವನು ಹದಿನಾರೋ ಮೂವತ್ತೆರಡೋ ಬಾರ್, ಅಂದರೆ ನಮ್ಮ ಲೆಕ್ಕದಲ್ಲಿ ಪಲ್ಲವಿ ಮತ್ತು ಒಂದು ಚರಣದಷ್ಟು, ಹಾಡಬೇಕು. ಒಂದು ಪುಟ ಮಾತು ಓದಬೇಕು. ಹೇಳಿಕೊಟ್ಟ ನಾಲ್ಕು ಹೆಜ್ಜೆ ಹಾಕಬೇಕು. ಆರಿಸುವವರು ನೋಡುವುದು ‘ಈ ಪಾತ್ರಕ್ಕೆ ಇವನು ಸರಿಯೇ’ ಎಂದಷ್ಟೇ ಅಲ್ಲ. ‘ಮೊದಲ ನಾಟಕದಲ್ಲಿ ನಾಯಕನಾದವನು ಎರಡನೆಯದರಲ್ಲಿ ಗುಂಪಿನಲ್ಲಿ ನಿಂತು ಹಾಡ್ತಾನೆಯೇ, ಮೂರನೆಯದರಲ್ಲಿ ಮುದುಕನ ವೇಷ ಹಾಕ್ತಾನೆಯೇ’ ಎಂದು. ಹಾಕದವನ ಕಂಠ ಎಷ್ಟು ದೊಡ್ಡದಾದರೂ ಅಂಥ ತಂಡಕ್ಕೆ ಅವನು ಹೊರೆಯೇ.

ಪಾತ್ರ ಸರಿಯಾಗಿ ಬಿದ್ದರೆ ಏನಾಗುತ್ತೆ ಎಂಬುದಕ್ಕೂ ಅಲ್ಲಿ ಒಂದು ಉದಾಹರಣೆ ಇದೆ. ಮಿನೆಸೋಟಾದ ಚಾನ್‌ಹ್ಯಾಸನ್‌ನಲ್ಲಿ 1968ರಲ್ಲಿ ಶುರುವಾದ ಡಿನ್ನರ್ ಥಿಯೇಟರಿನಲ್ಲಿ ‘ಐ ಡೂ! ಐ ಡೂ!’ ಎಂಬ ಸಂಗೀತ ನಾಟಕ 1971ರಿಂದ 1993ರವರೆಗೆ, 22 ವರ್ಷ ನಡೆಯಿತು. ನಾಟಕದಲ್ಲಿ ಇರುವುದೇ ಎರಡು ಪಾತ್ರ, ಒಂದು ಗಂಡ, ಒಂದು ಹೆಂಡತಿ. 22 ವರ್ಷವೂ ಆಡಿದ್ದು ಅದೇ ಇಬ್ಬರು. ಅವರು ಜಗತ್ಪ್ರಸಿದ್ಧ ಗಾಯಕರಲ್ಲ. ಒಬ್ಬರಿಗೊಬ್ಬರು ಹೊಂದಿಕೊಂಡವರು, ಅಷ್ಟೇ. ಆದರೆ ‘ಅಷ್ಟೇ’ ಎನ್ನುವುದು ಎಷ್ಟು ದೊಡ್ಡದು ಎಂದು ಒಂದು ವಾರ ತಾಲೀಮು ನಡೆಸಿದವರಿಗೆಲ್ಲ ಗೊತ್ತು.

ಇನ್ನು ಬಡಿಸುವ ಮಾತು. ಕೆಲವು ಡಿನ್ನರ್ ಥಿಯೇಟರುಗಳಲ್ಲಿ ನಟರೇ ಮೇಜಿಗೆ ಬಂದು ಬಡಿಸುತ್ತಾರೆ. ಮೇರಿಲ್ಯಾಂಡಿನ ಕೊಲಂಬಿಯಾದ ‘ಟೋಬೀಸ್’ ಇಂಥದು. ಇದರಲ್ಲಿ ಅವಮಾನವೇನೂ ಇಲ್ಲ, ಒಂದು ಷರತ್ತಿನ ಮೇಲೆ: ಬಡಿಸುವುದು ತಂಡದ ಕೆಲಸವಾಗಿರಬೇಕು, ಸಣ್ಣ ಪಾತ್ರದವರ ಕೆಲಸವಾಗಿರಬಾರದು. ನಮ್ಮ ಸಭೆಯಲ್ಲಿ ಬಂದ ಸಲಹೆ ಎರಡನೆಯ ಬಗೆಯದು. ಪದ್ಮಿನಿಯಾದವಳು ಮೇಕಪ್ ಮಾಡಿಕೊಂಡು ಒಳಗೆ ಕೂತಿರಲಿ, ಗುಂಪಿನವರು ಸಾಂಬಾರಿನ ಬಕೆಟ್ ಹಿಡಿದು ಓಡಲಿ ಅಂದರೆ, ಅದು ರಂಗಭೂಮಿಯಲ್ಲ, ಹಳೆಯ ಜಮೀನ್ದಾರಿಕೆ. ಬಡಿಸಿದರೆ ಎಲ್ಲರೂ ಬಡಿಸೋಣ, ಇಲ್ಲದಿದ್ದರೆ ಯಾರೂ ಬೇಡ.

ಇದೆಲ್ಲ ದೂರದ ಮಾತಾಯಿತು. ನಮ್ಮ ಬಳಗದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಕ್ಷಿಣ ಕನ್ನಡ, ಉಡುಪಿ ಕಡೆಯವರು. ಅವರಿಗೆ ಊಟ ಹಾಕಿ ಆಟ ಆಡಿಸುವುದನ್ನು ಅಮೆರಿಕದವರು ಹೇಳಿಕೊಡಬೇಕಾಗಿಲ್ಲ. ಹರಕೆಯ ಬಯಲಾಟ ಎಂದರೆ ಏನು? ಹರಕೆ ಹೊತ್ತ ಮನೆಯವರು ಮೇಳ ಕರೆಸುತ್ತಾರೆ, ಗದ್ದೆಯಲ್ಲಿ ರಂಗಸ್ಥಳ ಕಟ್ಟಿಸುತ್ತಾರೆ, ಚೌಕಿಯಲ್ಲಿ ದೇವರ ಪೂಜೆ, ಬಂದ ಊರವರಿಗೆಲ್ಲ ಊಟ, ಆಮೇಲೆ ಆಟ. ಈಚಿನ ವರ್ಷಗಳಲ್ಲಿ ಬಹಳ ಕಡೆ ಬೆಳತನಕದ ಆಟ ಕಾಲಮಿತಿಗೆ ಬಂದಿದೆ. ಆದರೆ ಊಟ ಬಿಟ್ಟಿಲ್ಲ. ಟಿಕೇಟು ಇಲ್ಲ ಎನ್ನುವುದೊಂದು ವ್ಯತ್ಯಾಸ. ಉಳಿದಂತೆ ಊಟ, ಹಾಡು, ಕುಣಿತ, ಮಾತು, ಹಂಗಾಮು ಎಲ್ಲವೂ ಇದೆ.

ಮೇಳದ ಹಂಗಾಮು ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ತಿಂಗಳ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಆರು ತಿಂಗಳ ತಿರುಗಾಟ. ದಿನಕ್ಕೊಂದು ಊರು, ಆಟಕ್ಕೊಂದು ಪ್ರಸಂಗ. ಇಂದು ದೇವೀಮಹಾತ್ಮೆ, ನಾಳೆ ಕರ್ಣಾರ್ಜುನ, ನಾಡಿದ್ದು ಇನ್ನೊಂದು. ಒಂದೊಂದು ಪ್ರಸಂಗಕ್ಕೂ ಬೇರೆ ಬೇರೆ ಜನರನ್ನು ಕರೆಯಲಿಕ್ಕೆ ಸಾಧ್ಯವೇ? ಇಲ್ಲ. ಆದ್ದರಿಂದ ಮೇಳದ ಯಜಮಾನರು ಪಾತ್ರಕ್ಕೆ ಆಳು ಹುಡುಕುವುದಿಲ್ಲ, ಸ್ಥಾನಕ್ಕೆ ಆಳು ಹುಡುಕುತ್ತಾರೆ. ಭಾಗವತರು, ಮದ್ದಳೆ–ಚೆಂಡೆಯವರು, ಎರಡನೆಯ ವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯಗಾರ, ಕೆಳಗೆ ಕೋಡಂಗಿ, ಬಾಲಗೋಪಾಲ. ಇಷ್ಟು ಜನ ಇದ್ದರೆ ಯಾವ ಪ್ರಸಂಗವನ್ನಾದರೂ ಕಟ್ಟಬಹುದು. ಅಭಿಮನ್ಯು ಮಾಡುವವನೇ ಬಭ್ರುವಾಹನ ಮಾಡ್ತಾನೆ. ಹಂಚಿಕೆ ಅಂದಂದಿಗೆ ನಡೆಯುತ್ತದೆ. ಹೊಸ ಹುಡುಗ ಕೋಡಂಗಿಯಿಂದ ಶುರುಮಾಡಿ, ರಾತ್ರಿಯೆಲ್ಲ ಹಿರಿಯರ ವೇಷ ನೋಡುತ್ತ, ಯಾರೋ ಜ್ವರ ಬಂದು ಮಲಗಿದ ದಿನ ಅವರ ವೇಷ ಕಟ್ಟಿ ಮೇಲೇರುತ್ತಾನೆ. ಅಮೆರಿಕದವರು ‘ಅಂಡರ್‌ಸ್ಟಡಿ’ ಎಂದು ಪ್ರತ್ಯೇಕ ಹೆಸರಿಟ್ಟು ಮಾಡುವುದನ್ನು ಚೌಕಿಯಲ್ಲಿ ಹೆಸರಿಲ್ಲದೆಯೇ ಮಾಡುತ್ತ ಬಂದಿದ್ದಾರೆ.

ನಮ್ಮ ಮೊದಲನೆಯ ಜಗಳಕ್ಕೆ, ಅಂದರೆ ಹಾಡೋ ಅಭಿನಯವೋ ಎಂಬುದಕ್ಕೆ, ಮೇಳದಲ್ಲಿ ಒಂದು ನೇರವಾದ ಉತ್ತರ ಇದೆ. ಮುಖ್ಯ ವೇಷಕ್ಕೆ ಬಡಗಿನಲ್ಲಿ ‘ಎರಡನೆಯ ವೇಷ’ ಅನ್ನುತ್ತಾರೆ. ಹಾಗಾದರೆ ಒಂದನೆಯ ವೇಷ ಯಾರು? ಭಾಗವತರು! ಬಣ್ಣ ಹಚ್ಚದೆ, ಜಾಗಟೆ ಹಿಡಿದು ಹಾಡುವವರೇ ಮೊದಲ ವೇಷಧಾರಿ. ವೇಷದವನು ಹಾಡುವುದಿಲ್ಲ; ಕುಣಿದು, ಅಭಿನಯಿಸಿ, ಮಾತಾಡುತ್ತಾನೆ. ಕಂಠ ಒಬ್ಬರದು, ಮೈ ಇನ್ನೊಬ್ಬರದು. ಎರಡಕ್ಕೂ ಮರ್ಯಾದೆ ಇದೆ, ಒಂದನ್ನು ಇನ್ನೊಂದರ ಹಿಂದೆ ಅಡಗಿಸುವುದಿಲ್ಲ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಕಾಳಿಂಗ ನಾವಡರ ಹಾಡಿಗಾಗಿಯೇ ಡೇರೆಯ ಮುಂದೆ ಜನ ಸಾಲುಗಟ್ಟುತ್ತಿದ್ದರು ಎನ್ನುವುದನ್ನು ಹಿರಿಯರಿಂದ ಕೇಳಿದ್ದೇವೆ. ಅದೇ ರೀತಿ 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲಿಕ್ಕೆಂದೇ ಜನ ಬರುತ್ತಿದ್ದರು. ‘ನೀವು ಯಾಕೆ ಹಾಡುವುದಿಲ್ಲ’ ಎಂದು ಚಿಟ್ಟಾಣಿಯವರನ್ನು ಯಾರೂ ಕೇಳಲಿಲ್ಲ.

ಇದೇ ಕೆಲಸವನ್ನು ಕದ್ದು ಮಾಡಿದರೆ ಹೇಗಿರುತ್ತೆ ಎಂಬುದಕ್ಕೆ ‘ಮೈ ಫೇರ್ ಲೇಡಿ’ ಸಿನಿಮಾ ನೋಡಿ. 1956ರಲ್ಲಿ ಬ್ರಾಡ್‌ವೇಯಲ್ಲಿ ಆ ನಾಟಕದ ಎಲೈಜಾ ಆಗಿ ಹಾಡಿ ಮೆರೆದವಳು ಜೂಲಿ ಆಂಡ್ರ್ಯೂಸ್. 1964ರಲ್ಲಿ ಸಿನಿಮಾ ಮಾಡುವಾಗ ಅವಳ ಹೆಸರು ಸಾಲದು ಎಂದು ಆಡ್ರೆ ಹೆಪ್‌ಬರ್ನ್‌ಳನ್ನು ಹಾಕಿದರು. ಹಾಡುಗಳಲ್ಲಿ ಬಹುಪಾಲನ್ನು ತೆರೆಯ ಹಿಂದಿನಿಂದ ಹಾಡಿದವಳು ಮಾರ್ನಿ ನಿಕ್ಸನ್. ಆ ವರ್ಷ ಅತ್ಯುತ್ತಮ ನಟಿಯ ಆಸ್ಕರ್ ಹೋದದ್ದು ಕೈಬಿಟ್ಟ ಜೂಲಿಗೇ, ‘ಮೇರಿ ಪಾಪಿನ್ಸ್’ ಎಂಬ ಬೇರೆ ಸಿನಿಮಾಕ್ಕೆ. ಇನ್ನೂ ಸ್ವಾರಸ್ಯದ ಸಂಗತಿ: ರಂಗದಲ್ಲೂ ಸಿನಿಮಾದಲ್ಲೂ ಹಿಗಿನ್ಸ್ ಆದ ರೆಕ್ಸ್ ಹ್ಯಾರಿಸನ್‌ಗೆ ಹಾಡು ಬರುತ್ತಿರಲಿಲ್ಲ. ಅವನು ಹಾಡನ್ನು ತಾಳಕ್ಕೆ ಮಾತಾಡಿಬಿಟ್ಟ. ಅದೇ ಚೆನ್ನಾಗಿ ಕಂಡಿತು! ಅಂದಮೇಲೆ ಹಾಡಿನ ನಾಟಕದಲ್ಲಿ ಎಲ್ಲ ಮುಖ್ಯ ಪಾತ್ರಕ್ಕೂ ಹಾಡುಗಾರರೇ ಬೇಕು ಎನ್ನುವುದು ನಿಯಮವಲ್ಲ.

ಹಾಡೊಂದನ್ನೇ ನೆಚ್ಚಿದರೆ ಇನ್ನೊಂದು ಅಪಾಯ ಇದೆ. ನಾವಿರುವ ಈ ನಾಡಿನ ಸಂಗೀತ ನಾಟಕದ ಚರಿತ್ರೆಯೇ ಅದನ್ನು ಹೇಳುತ್ತದೆ. ಬಾಲಗಂಧರ್ವರ ಕಾಲಕ್ಕೆ ‘ವನ್ಸ್ ಮೋರ್’ ಕೂಗು ಎಷ್ಟಾಗುತ್ತಿತ್ತೆಂದರೆ ಒಂದೊಂದು ಪದವೂ ಒಂದೊಂದು ಕಚೇರಿಯಾಗಿ, ನಾಟಕ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಸಂಗೀತ ಬೆಳೆಯಿತು, ಸಂತೋಷ. ನಾಟಕ ಅದರ ನೆರಳಲ್ಲಿ ಸೊರಗಿತು ಎಂದು ಆ ಕಾಲದವರೇ ಗೊಣಗಿದ್ದುಂಟು. ನಮ್ಮ ಪ್ರೇಕ್ಷಕರಿಗಂತೂ ಹತ್ತೂ ಐವತ್ತರ ಲೋಕಲ್ ಹಿಡಿಯಬೇಕಾಗಿದೆ.

ಈಗ ಎರಡನೆಯ ಮಾತಿಗೆ ಬರುತ್ತೇನೆ. ನಿಜವಾಗಿ ನೋವಾಗುವುದು ಇಲ್ಲಿ.

ಹೋದ ವರ್ಷ ಒಂದು ಗೀತನಾಟಕಕ್ಕೆ ಆಯ್ಕೆ ನಡೆದಾಗ, ನಮ್ಮೆಲ್ಲರಲ್ಲೂ ಒಳ್ಳೆಯ ಶಾರೀರ ಇದ್ದ ಒಬ್ಬ ಹುಡುಗಿಯನ್ನು ಹಿಂದಿನ ಸಾಲಿಗೆ ಕಳಿಸಿದರು. ಅವಳ ಅಪ್ಪ ವಿಜಾಪುರ ಕಡೆಯವರು, ಅಮ್ಮ ಸಾತಾರೆಯವರು. ಮುನಿಸಿಪಲ್ ಶಾಲೆಯಲ್ಲಿ ಮರಾಠಿಯಲ್ಲಿ ಓದಿದವಳು. ಕನ್ನಡ ಮಾತಾಡ್ತಾಳೆ, ಅಕ್ಷರ ಬರೋದಿಲ್ಲ. ಪದ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದಳು. ಆ ಚೀಟಿಯನ್ನು ನೋಡಿದ ಮೇಲೆ ಅವಳ ಹಾಡನ್ನು ಯಾರೂ ಪೂರ್ತಿ ಕೇಳಲಿಲ್ಲ. ‘ನಿನ್ನ ಕನ್ನಡ ಸರಿಯಿಲ್ಲಮ್ಮ, ಮುಂದಿನ ವರ್ಷ ನೋಡೋಣ’ ಅಂದರು. ಈ ವರ್ಷ ಅವಳು ಕಾಲೇಜಿನ ಮರಾಠಿ ಮಂಡಳದ ನಾಟಕದಲ್ಲಿ ಇದ್ದಾಳೆ. ಅಲ್ಲಿ ಅವಳಿಗೆ ಒಳ್ಳೆಯ ಪಾತ್ರ ಸಿಕ್ಕಿದೆ. ಅವರಿಗೆ ಲಾಭ, ನಮಗೆ ನಷ್ಟ.

ಇದು ಹೊಸದೇನೂ ಅಲ್ಲ ಎಂಬುದೇ ವಿಚಿತ್ರ. ಮರಾಠಿ ಸಂಗೀತ ನಾಟಕವನ್ನು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ದಿಂದ ಆರಂಭಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಧಾರವಾಡ ಸೀಮೆಯ ಕುಂದಗೋಳದ ರಾಮಭಾವು ಮರಾಠಿ ರಂಗದಲ್ಲಿ ಸ್ತ್ರೀಪಾತ್ರ ಮಾಡಿ ಹಾಡಿ ‘ಸವಾಯಿ ಗಂಧರ್ವ’ರಾದರು. 1938ರಲ್ಲಿ ಬಾಲಗಂಧರ್ವರ ಕಂಪನಿಗೆ ನಾಯಕಿಯಾಗಿ ಬಂದ ಗೋಹರಬಾಯಿ ಕರ್ನಾಟಕಿ ಬೀಳಗಿಯವರು. ಅವರ ಸೋದರಿ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನಿಮಾದಲ್ಲಿ ಹಾಡಿ ಈ ಮುಂಬಯಿಯಲ್ಲೇ ಮನೆಮಾತಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳನ್ನು ಹಳಬರು ಇನ್ನೂ ನೆನೆಯುತ್ತಾರೆ. ಇವರನ್ನೆಲ್ಲ ‘ನಿಮ್ಮ ಊರು ಯಾವುದು, ನಿಮ್ಮ ಉಚ್ಚಾರ ಎಂಥದು’ ಎಂದು ಬಾಗಿಲಲ್ಲೇ ತಡೆದಿದ್ದರೆ ಬಡವಾಗುತ್ತಿದ್ದವರು ಅವರಲ್ಲ, ಮರಾಠಿ ಹಿಂದಿಯವರು. ನೂರು ವರ್ಷ ನಮ್ಮವರಿಗೆ ಬಾಗಿಲು ತೆರೆದ ಊರಿನಲ್ಲಿ ಕೂತು ನಾವು ನಮ್ಮವರಿಗೇ ಬಾಗಿಲು ಹಾಕುತ್ತಿದ್ದೇವೆ.

ಅದಿರಲಿ, ‘ಶುದ್ಧ ಕನ್ನಡ’ ಎಂದರೆ ಯಾರದು? ನಾವು ಆರಿಸಿಕೊಂಡ ಮೂರು ನಾಟಕಗಳನ್ನೇ ನೋಡಿ. ‘ಹಯವದನ’ ಬರೆದ ಕಾರ್ನಾಡರ ಮನೆಮಾತು ಕೊಂಕಣಿ. ಅವರು ಹುಟ್ಟಿದ್ದು ಇಲ್ಲೇ ಮಾಥೇರಾನದಲ್ಲಿ. ‘ಜೋಕುಮಾರಸ್ವಾಮಿ’ಯ ಮಾತು ಬೆಳಗಾವಿ ಸೀಮೆಯ ಆಡುನುಡಿ. ಅದನ್ನು ಮಂಗಳೂರಿನ ಪುಸ್ತಕದ ಕನ್ನಡದಲ್ಲೋ ಮೈಸೂರಿನ ನಯವಾದ ಕನ್ನಡದಲ್ಲೋ ಆಡಿದರೆ ಗೌಡ ಗೌಡನಾಗುವುದಿಲ್ಲ, ಬ್ಯಾಂಕಿನ ಮ್ಯಾನೇಜರ್ ಆಗ್ತಾನೆ. ಅಲ್ಲಿ ಬೇಕಾಗಿರುವುದು ಕಟ್ಟಡದ ಕೆಲಸಕ್ಕೆಂದು ಬಂದ ವಿಜಾಪುರ, ಕಲಬುರಗಿ ಕಡೆಯವರ ಮಕ್ಕಳ ನಾಲಗೆ. ಯಾರನ್ನು ನಾವು ‘ಒರಟು ಕನ್ನಡ’ ಎಂದು ಹಿಂದೆ ನಿಲ್ಲಿಸುತ್ತೇವೋ ಅವರದೇ. ‘ಸತ್ತವರ ನೆರಳು’ ಮಠದ ಕತೆ. ಕಾರಂತರು ಅದಕ್ಕೆ ಪುರಂದರದಾಸರ ಪದಗಳನ್ನು ಕೂಡಿಸಿ ಆಡಿಸಿದರು. ಅಲ್ಲಿ ಬೇಕಾದ್ದು ಭಜನೆ ಮನೆಯಲ್ಲಿ ಕೂತು ಹಾಡಿ ಬಂದ ಗಂಟಲು. ಒಂದೊಂದು ನಾಟಕಕ್ಕೂ ಒಂದೊಂದು ಕನ್ನಡ ಬೇಕು. ನಮ್ಮ ಬಳಗದಲ್ಲಿ ಆ ಎಲ್ಲ ಕನ್ನಡವೂ ಇದೆ. ಬೆಂಗಳೂರಿನ ಕಾಲೇಜೊಂದಕ್ಕೆ ಸುಲಭವಾಗಿ ಸಿಗದ ಸಂಪತ್ತು ಇದು. ಅದನ್ನೇ ನಾವು ದೋಷ ಅನ್ನುತ್ತಿದ್ದೇವೆ.

‘ಹಾಗಾದರೆ ದುಡ್ಡು ಕೊಟ್ಟು ಬಂದವರು ತಪ್ಪು ಕನ್ನಡ ಕೇಳಬೇಕೇನ್ರೀ?’ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಇಷ್ಟು: ಸ್ಪಷ್ಟತೆ ಬೇರೆ, ಶುದ್ಧತೆ ಬೇರೆ. ‘ಹಾಲು’ ‘ಆಲು’ ಆಗಿ, ‘ಹಳ್ಳಿ’ ‘ಹಲ್ಲಿ’ ಆಗಿ ಅರ್ಥ ಕೆಡುತ್ತಿದ್ದರೆ ತಿದ್ದಲೇಬೇಕು. ಆರು ವಾರದ ತಾಲೀಮು ಇರುವುದು ಯಾತಕ್ಕೆ? ಅರ್ಥ ಕೆಡದೆ, ಮಾತಾಡಿದವನ ಊರು ಮಾತ್ರ ಗೊತ್ತಾಗುತ್ತಿದ್ದರೆ, ಗೊತ್ತಾಗಲಿ ಬಿಡಿ. ಉಚ್ಚಾರವನ್ನು ಆರು ವಾರದಲ್ಲಿ ತಿದ್ದಬಹುದು; ಶ್ರುತಿ ಹಿಡಿಯುವುದನ್ನು, ರಂಗದ ಮೇಲೆ ಎದುರಿನವನ ಮಾತು ಕಿವಿಗೊಟ್ಟು ಕೇಳುವುದನ್ನು ಆರು ವಾರದಲ್ಲಿ ಕಲಿಸಲಿಕ್ಕೆ ಆಗುವುದಿಲ್ಲ. ತಿದ್ದಲಿಕ್ಕೆ ಆಗುವುದನ್ನು ನೋಡಿ ಜನರನ್ನು ಕೈಬಿಟ್ಟು, ತಿದ್ದಲಿಕ್ಕೆ ಆಗದ್ದನ್ನು ನೋಡದೆ ಆರಿಸುವುದು ಯಾವ ಜಾಣತನ? ‘ಮೈ ಫೇರ್ ಲೇಡಿ’ಯ ಕತೆಯೇ ಇದಲ್ಲವೇ! ಹೂ ಮಾರುವ ಹುಡುಗಿಯ ನಾಲಗೆ ತಿದ್ದಿದ ಕತೆ. ಅದರ ಮೂಲವಾದ ಶಾನ ‘ಪಿಗ್ಮೇಲಿಯನ್’ ನಾಟಕವನ್ನೇ ಪು.ಲ. ದೇಶಪಾಂಡೆಯವರು ‘ತೀ ಫುಲರಾಣಿ’ ಎಂದು ಮರಾಠಿಗೆ ತಂದು, 1975ರಲ್ಲಿ ಭಕ್ತಿ ಬರ್ವೆ ಅದನ್ನು ಆಡಿದಾಗ, ಜನ ಮೆಚ್ಚಿದ್ದು ತಿದ್ದಿದ ನಾಲಗೆಯನ್ನಷ್ಟೇ ಅಲ್ಲ, ತಿದ್ದುವ ಮೊದಲಿನ ನಾಲಗೆಯನ್ನೂ.

ಇನ್ನು ಟಿಕೇಟಿನ ಮಾತು. ಇದನ್ನು ಸುಮ್ಮನೆ ‘ಛೀ’ ಎಂದು ತಳ್ಳಿಬಿಡಲಾಗುವುದಿಲ್ಲ, ಯಾಕಂದರೆ ಊಟದ ಲೆಕ್ಕ ನಿಜವಾದ ಲೆಕ್ಕ. ನಾಟಕದ ಕುರ್ಚಿ ಖಾಲಿ ಉಳಿದರೆ ನಷ್ಟ ಕಾಣುವುದಿಲ್ಲ. ಎಲೆ ಉಳಿದರೆ ಅನ್ನ ಹಳಸುತ್ತದೆ, ಬಿಲ್ಲು ಕೊಡಬೇಕಾಗುತ್ತದೆ. ಆದ್ದರಿಂದಲೇ ಊಟದ ನಾಟಕದಲ್ಲಿ ಈ ಆಸೆ ಹೆಚ್ಚು. ಯಾರ ಬಂಧುಬಳಗ ದೊಡ್ಡದೋ ಅವರಿಗೆ ದೊಡ್ಡ ಪಾತ್ರ. ಆದರೆ ಇದು ಒಂದು ಸಲ ನಡೆಯುವ ಯುಕ್ತಿ. ಮೊದಲ ನಾಟಕಕ್ಕೆ ಮಾವಂದಿರು ಬರ್ತಾರೆ, ಹುಡುಗನನ್ನು ನೋಡಿ ಚಪ್ಪಾಳೆ ತಟ್ತಾರೆ, ಹೋಗ್ತಾರೆ. ಎರಡನೆಯದಕ್ಕೆ? ಮಾವಂದಿರಲ್ಲದವರು ಬರಬೇಕಾದರೆ ನಾಟಕ ಚೆನ್ನಾಗಿರಬೇಕು. ಇನ್ನೊಂದು ಸಂಗತಿ: ಹಾಸ್ಟೆಲಿನಲ್ಲಿ ಇರುವವನಿಗೆ, ಅಪ್ಪ ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಈ ಊರಿನಲ್ಲಿ ಇಪ್ಪತ್ತು ಟಿಕೇಟು ಕೊಳ್ಳುವ ಬಂಧುಗಳು ಎಲ್ಲಿಂದ ಬರಬೇಕು? ಈ ಊರಿನಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅದರ ಮೇಲೆ ತಾಳಮದ್ದಳೆ, ನಾಟಕ ಆಡಿದವರೇ ಇಲ್ಲಿಯ ಕನ್ನಡ ರಂಗಭೂಮಿಯನ್ನು ಉಳಿಸಿದ್ದು. ಅವರು ಎಲೆ ಎಣಿಸಿ ಬಣ್ಣ ಹಚ್ಚಿದವರಲ್ಲ.

ಮೇಳದ ಪದ್ಧತಿಯೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಅಲ್ಲೂ ತಾರೆಯ ಹುಚ್ಚು ಇದೆ, ಒಬ್ಬನನ್ನು ಒಂದು ಮೇಳದಿಂದ ಇನ್ನೊಂದು ಮೇಳ ಮುಂಗಡ ಕೊಟ್ಟು ಎಳೆದುಕೊಳ್ಳುವುದಿದೆ, ಕೋಡಂಗಿಯಲ್ಲೇ ಮುದುಕರಾದವರಿದ್ದಾರೆ. ಹೆಂಗಸರಿಗೆ ಬಹುಕಾಲ ಚೌಕಿಯ ಬಾಗಿಲೇ ಇರಲಿಲ್ಲ. ವೃತ್ತಿಮೇಳದಲ್ಲಿ ಭಾಗವತರಾಗಿ ಹಾಡಿ ಹೆಸರಾದ ಲೀಲಾವತಿ ಬೈಪಾಡಿತ್ತಾಯರಂಥವರು ಆ ಬಾಗಿಲನ್ನು ತಾವೇ ತೆರೆದುಕೊಳ್ಳಬೇಕಾಯಿತು. ನಾವು ತೆಗೆದುಕೊಳ್ಳಬೇಕಾದ್ದು ಹಂಗಾಮಿಗೆ ಒಂದು ತಂಡ ಎಂಬ ಬುದ್ಧಿಯನ್ನು, ಹಾಡಿಗೂ ವೇಷಕ್ಕೂ ಸಮನಾದ ಮರ್ಯಾದೆಯನ್ನು, ಉಳಿದದ್ದನ್ನಲ್ಲ.

ಟೀಕೆ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದ್ದರಿಂದ ಸಮಿತಿಯ ಮುಂದೆ ಈ ಸಲಹೆಗಳನ್ನು ಇಡುತ್ತೇನೆ.

ಮೂರು ನಾಟಕಕ್ಕೂ ಸೇರಿ ಒಂದೇ ಆಯ್ಕೆ ನಡೆಯಲಿ. ಮೊದಲು ಇಪ್ಪತ್ತೆರಡೋ ಇಪ್ಪತ್ತನಾಲ್ಕೋ ಜನರ ಮೇಳ ಗೊತ್ತಾಗಲಿ, ಪಾತ್ರ ಆಮೇಲೆ. ಒಂದೇ ಪದ್ಯ, ಒಂದೇ ಪುಟ ಮಾತು ಎಲ್ಲರಿಗೂ ಒಂದು ವಾರ ಮೊದಲೇ ಕೊಡಿ; ಯಾವ ಲಿಪಿಯಲ್ಲಿ ಬರೆದುಕೊಂಡು ಬಂದರೂ ಅಡ್ಡಿಯಿಲ್ಲ, ಚೀಟಿ ನೋಡಬೇಡಿ, ಕೇಳಿ.

ಒಂದು ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದವರು ಮುಂದಿನದರಲ್ಲಿ ಗುಂಪಿನಲ್ಲಿ ನಿಲ್ಲಬೇಕು. ಒಪ್ಪದವರು ಎಷ್ಟೇ ಚೆನ್ನಾಗಿ ಹಾಡಿದರೂ ಮೇಳಕ್ಕೆ ಬೇಡ. ‘ಹಯವದನ’ದ ಭಾಗವತನಿಗೆ ಅತ್ಯುತ್ತಮ ಕಂಠ ಕೊಡಿ, ಅವನು ಹಾಡಲಿ, ದೇವದತ್ತ–ಕಪಿಲರು ಆಡಲಿ. ಹಾಡು ಬಾರದ ಒಳ್ಳೆಯ ನಟನಿದ್ದರೆ ಅವನ ಹಾಡನ್ನು ಹಿಮ್ಮೇಳ ಎತ್ತಿಕೊಳ್ಳಲಿ, ಎಲ್ಲರ ಕಣ್ಣೆದುರಿಗೇ, ಮುಚ್ಚುಮರೆಯಿಲ್ಲದೆ.

ಪ್ರತಿ ಮುಖ್ಯ ಪಾತ್ರಕ್ಕೂ ಇನ್ನೊಬ್ಬರು ಕಲಿತು ಸಿದ್ಧರಾಗಿರಲಿ. ಹಾಗೆ ಕಲಿತವರಿಗೆ ಜ್ವರದ ದಾರಿ ಕಾಯಿಸಬೇಡಿ. ಮೂರರಲ್ಲಿ ಒಂದು ನಾಟಕದ ಇನ್ನೊಂದು ಪ್ರಯೋಗವನ್ನು ಊಟವಿಲ್ಲದೆ, ಟಿಕೇಟಿಲ್ಲದೆ ಕಾಲೇಜಿನ ಸಭಾಂಗಣದಲ್ಲಿ ಅವರಿಂದಲೇ ಆಡಿಸಿ.

ಬಡಿಸುವುದಾದರೆ ಸರದಿ ಪಟ್ಟಿ ಮಾಡಿ, ಕಾರ್ಯದರ್ಶಿಯಿಂದ ಹಿಡಿದು ನಾಯಕಿಯವರೆಗೆ ಎಲ್ಲರ ಹೆಸರೂ ಅದರಲ್ಲಿರಲಿ. ಟಿಕೇಟು ಮಾರುವ ಕೆಲಸವೂ ಹಾಗೆಯೇ. ಯಾರು ಎಷ್ಟು ಮಾರಿದರು ಎಂಬ ಲೆಕ್ಕ ಖಜಾಂಚಿಯ ಹತ್ತಿರ ಇರಲಿ, ಆಯ್ಕೆ ಮಾಡುವವರ ಕೈಗೆ ಹೋಗುವುದು ಬೇಡ.

ಕೊನೆಯದಾಗಿ, ಆಯ್ಕೆಯಾಗದವರಿಗೆ ಯಾಕೆ ಆಗಲಿಲ್ಲ ಎಂದು ಒಂದು ಮಾತು ಹೇಳಿ. ‘ಶ್ರುತಿ ನಿಲ್ಲಲಿಲ್ಲ’, ‘ಮಾತು ಹಿಂದಿನ ಸಾಲಿಗೆ ಕೇಳಿಸಲಿಲ್ಲ’ ಎಂದರೆ ಹುಡುಗ ಹೋಗಿ ಕಲಿತು ಬರ್ತಾನೆ. ‘ನಿನ್ನ ಕನ್ನಡ ಸರಿಯಿಲ್ಲ’ ಎಂದರೆ ಅವನು ಕನ್ನಡವನ್ನೇ ಬಿಟ್ಟು ಹೋಗ್ತಾನೆ. ಈ ಊರಿನಲ್ಲಿ ಹಾಗೆ ಹೋದವರು ತಿರುಗಿ ಬರುವುದು ಅಪರೂಪ.

‘ಜೋಕುಮಾರಸ್ವಾಮಿ’ಯಲ್ಲಿ ಗೌಡತಿ ಗಂಡನಿಗೆಂದು ಮಾಡಿದ ಅಡಿಗೆ ಬಸಣ್ಣನ ಪಾಲಾಗುತ್ತದೆ, ನಾಟಕ ಅಲ್ಲಿಂದ ತಿರುಗುತ್ತದೆ. ಯಾರಿಗೆಂದು ಮಾಡಿದ್ದು ಯಾರು ಉಂಡರು ಎನ್ನುವುದು ದೊಡ್ಡ ಪ್ರಶ್ನೆಯೇ. ನಮ್ಮ ಬಳಗವನ್ನು ಕಟ್ಟಿದ್ದು ಊರು ಬಿಟ್ಟು ಬಂದವರ ಮಕ್ಕಳಿಗೆ ಕನ್ನಡದ ರುಚಿ ಹತ್ತಲಿ ಎಂದು. ಕನ್ನಡ ಆಗಲೇ ಚೆನ್ನಾಗಿ ಬರುವವರು ನಾಲ್ಕು ಜನ ಅದನ್ನು ಉಂಡು ತೇಗಿ, ಹಸಿದು ಬಂದವರನ್ನು ಬಕೆಟ್ ಹಿಡಿಯಲಿಕ್ಕೆ ನಿಲ್ಲಿಸಿದರೆ, ಹಾಲ್ ತುಂಬಬಹುದು, ಹಣವೂ ಉಳಿಯಬಹುದು; ಬಳಗ ಉಳಿಯುವುದಿಲ್ಲ. ಸಮಿತಿಯವರು ಮುಂದಿನ ಸಭೆಗೆ ಮೊದಲು ಇದನ್ನು ಯೋಚಿಸಲಿ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಲಿ. ಯಾವ ಊರಿನ ಕನ್ನಡದಲ್ಲಿ ಬರೆದರೂ ಸರಿ.